ಹಿತ್ತಲಿಗೆ ಬಂದ ಒಲೆ

ಹೋದ ಭಾನುವಾರ ನಿಜಲಿಂಗಪ್ಪ ಬಡಾವಣೆಯಲ್ಲಿರುವ ನನ್ನ ಅಣ್ಣನ ಮಗನ ಮನೆಗೆ ಊಟಕ್ಕೆ ಹೋಗಿದ್ದೆ. ಪಕ್ಕದ ನಿವೇಶನದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಅಲ್ಲಿಯ ಕೆಲಸದವರು ಮೂರು ಇಟ್ಟಿಗೆ ಹೂಡಿ, ಹತ್ತಿಕಟ್ಟಿಗೆ ಉರಿಸಿ ರೊಟ್ಟಿ ಸುಡುತ್ತಿದ್ದರು. ಹತ್ತಿಕಟ್ಟಿಗೆಯ ಹೊಗೆಗೆ ತನ್ನದೇ ಆದ ಒಂದು ಒಗರು ವಾಸನೆಯುಂಟು. ಗ್ಯಾಸಿನ ಒಲೆಯ ಕಾಲದಲ್ಲಿ ಹುಟ್ಟಿದವರಿಗೆ ಅದು ಬರಿಯ ಹೊಗೆ. ಅದು ಕಿಟಕಿಯಿಂದ ಒಳಗೆ ಬಂದಾಗ ನಾನು ಮುರಿದ ತುತ್ತನ್ನು ಕೈಯಲ್ಲಿಯೇ ಹಿಡಿದು ಕುಳಿತುಬಿಟ್ಟೆ.

ಅಣ್ಣನ ಮಗ ನಕ್ಕ. ‘ನೋಡು ಉಮಾ, ಅತ್ತೆಗೆ ಹಳೇದು ನೆನಪಾತು,’ ಎಂದು ರೊಟ್ಟಿ ಬಡಿಸುತ್ತಿದ್ದ ಹೆಂಡತಿಗೆ ಹೇಳಿದ. ‘ನಮ್ಮ ಮನೆ ಒಡೆದಿದ್ದು ಇಂಥದ್ದೇ ಒಲೆಯಿಂದ ಅಲ್ಲೇನತ್ತೆ? ದೊಡ್ಡಜ್ಜಿ ನಮ್ಮಜ್ಜಿ ಜೋಡಿ ಜಗಳ ಆಡಿ ಹಿತ್ತಲಾಗೆ ಬೇರೆ ಒಲೆ ಹಾಕ್ಕಂಡ್ಳಂತೆ. ಆಮೇಲೆ ಹರಿಹರದ ಬೀಗತಿ ಬಂದು ರಾಜಿ ಮಾಡಿಸಿದ್ಳಂತೆ.’

ಕೇಳಿದ ಮಾತನ್ನು ಕೇಳಿದ ಹಾಗೆಯೇ ಒಪ್ಪಿಕೊಳ್ಳುವ ಸ್ವಭಾವ ನನ್ನದಲ್ಲ. ನನ್ನನ್ನು ಮಿಡ್ಲ್ ಸ್ಕೂಲಿನಿಂದಲೇ ಬಿಡಿಸಿದರು. ಮುಂದಿನ ಓದೆಲ್ಲ ಅಂಗಡಿಯ ಪೊಟ್ಟಣದ ಕಾಗದಗಳಿಂದ ಮೊದಲಾಗಿ ಸಾರ್ವಜನಿಕ ಗ್ರಂಥಾಲಯದ ಕಪಾಟುಗಳವರೆಗೆ ನಾನೇ ದಾರಿ ಹುಡುಕಿಕೊಂಡು ಮಾಡಿದ್ದು. ಪೊಟ್ಟಣದ ಕಾಗದದಲ್ಲಿ ಓದು ಕಲಿತವರಿಗೆ ಒಂದು ಸಂಶಯ ಸಹಜವಾಗಿಯೇ ಬರುತ್ತದೆ: ಈ ಪುಟದ ಮುಂದಿನ ಪುಟ ಎಲ್ಲಿ? ನಮ್ಮ ಮನೆಯ ಒಲೆಯ ಕಥೆಯ ಬಗೆಗೂ ನನ್ನ ಸಂಶಯ ಅದೇ. ಅಣ್ಣನ ಮಗನಿಗೆ ಅದನ್ನು ಹೇಳಿದವನು ನನ್ನ ಅಣ್ಣ. ಅಣ್ಣನಿಗೆ ಹೇಳಿದವರು ನಮ್ಮ ದೊಡ್ಡಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ ಗಂಡಸರು. ಅವರಲ್ಲಿ ಒಬ್ಬರೂ ನಮ್ಮ ಅಡುಗೆಮನೆಯೊಳಗೆ ಕಾಲಿಟ್ಟವರಲ್ಲ. ನಾನಾದರೋ ಅದರೊಳಗೇ ಬೆಳೆದವಳು.

ಅದು ಐವತ್ತರ ದಶಕದ ಕೊನೆ. ಗಿರಣಿಯ ಕೂಗು ಕೇಳಿ ಇಡೀ ದಾವಣಗೆರೆ ಹೊತ್ತು ತಿಳಿಯುತ್ತಿದ್ದ ಕಾಲ. ಪೇಟೆಯ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ ಒಟ್ಟಿಗಿತ್ತು. ದೊಡ್ಡಪ್ಪನದು ಹತ್ತಿ ವ್ಯಾಪಾರ; ಅಪ್ಪ ಹದಡಿ ಹಳ್ಳಿಯ ಹೊಲ ನೋಡಿಕೊಳ್ಳುತ್ತಿದ್ದ. ಅಡುಗೆಮನೆ ನಡುಮನೆಯ ಹಿಂದೆ, ಒಂದು ಬೆಳಕಿಂಡಿಯನ್ನು ಬಿಟ್ಟರೆ ಗಾಳಿಗೆ ದಾರಿಯೇ ಇಲ್ಲದ ಕೋಣೆ. ಸಾರು ಪಲ್ಯಗಳು ನನ್ನ ಅವ್ವನ ಪಾಲಿಗೆ. ರೊಟ್ಟಿಯ ಒಲೆಯ ಮುಂದಿನ ಮಣೆ ದೊಡ್ಡವ್ವನದು. ಆ ಮಣೆಯ ಮೇಲೆ ಕುಳಿತವಳೇ ಮನೆಯ ಯಜಮಾನಿ. ಯಾರಿಗೆ ಎಷ್ಟು ರೊಟ್ಟಿ, ಯಾರು ಮೊದಲು ಉಣ್ಣಬೇಕು, ಯಾವ ನೆಂಟರಿಗೆ ತುಪ್ಪ, ಯಾರಿಗೆ ಬರಿಯ ಎಣ್ಣೆ ಎಂಬುದೆಲ್ಲ ಅಲ್ಲಿಂದಲೇ ತೀರ್ಮಾನವಾಗುತ್ತಿತ್ತು. ದೊಡ್ಡಪ್ಪ ಅಂಗಡಿಯಲ್ಲಿ ಎಷ್ಟು ಗುಡುಗಿದರೂ ಆ ಮಣೆಯ ಮುಂದೆ ತಾಟು ಹಿಡಿದು ಕೂರುವವನೇ.

ದೊಡ್ಡವ್ವನಿಗೆ ಐವತ್ತು ಸಮೀಪಿಸಿದಾಗ ಅದು ಶುರುವಾಯಿತು. ರೊಟ್ಟಿ ಬಡಿಯುತ್ತಿದ್ದ ಹಾಗೆಯೇ ಅವಳ ಎದೆಯಿಂದ ಒಂದು ಕೆಂಪು ಹೊರಟು, ಕುತ್ತಿಗೆಯನ್ನು ದಾಟಿ, ಮುಖಕ್ಕೆ ಏರುವುದನ್ನು ನಾನು ಎದುರಿಗೆ ಕುಳಿತು ನೋಡುತ್ತಿದ್ದೆ. ಕುಪ್ಪಸ ಬೆನ್ನಿಗೆ ಅಂಟುವಷ್ಟು ಬೆವರು. ಸ್ವಲ್ಪ ಹೊತ್ತಿಗೆ ಅದು ಇಳಿದು, ಚಳಿಯಾದವಳಂತೆ ಅವಳು ಸೆರಗು ಹೊದೆಯುತ್ತಿದ್ದಳು.

‘ಅಕ್ಕಾ, ಜ್ವರ ಏನು?’ ಎಂದು ಅವ್ವ ಕೇಳಿದಳು.

‘ಜ್ವರ ಅಲ್ಲ ಬಿಡವ್ವ. ಯಾರೋ ಮೈಯೊಳಗೆ ಬೆಂಕಿ ಹಚ್ಚಿ ಹೋದಂಗೆ ಆಗ್ತೈತೆ. ಮುಟ್ಟು ನಿಂತಾಗಿಂದ ಹಿಂಗೇ. ನಮ್ಮವ್ವಗೂ ಹಿಂಗೇ ಆಗ್ತಿತ್ತು. ಆಕಿ ಬೀಸಣಿಗೆ ಹಿಡ್ಕಂಡೇ ಕುಂತಿರ್ತಿದ್ಳು.’

ಹೆಂಗಸರಿಗೆ ಗೊತ್ತಿದ್ದದ್ದು ಇಷ್ಟು. ಗಂಡಸರಿಗೆ ಇಷ್ಟೂ ಗೊತ್ತಿರಲಿಲ್ಲ. ಒಬ್ಬರು ಪಿತ್ತವೆಂದರು, ಇನ್ನೊಬ್ಬರು ದೃಷ್ಟಿಯೆಂದರು, ಮೂರನೆಯವರು ಮನೆದೇವರ ಹರಕೆ ಬಾಕಿಯಿರಬೇಕೆಂದರು. ದೊಡ್ಡಪ್ಪ ಪಂಡಿತರಿಂದ ಒಂದು ಚೂರ್ಣದ ಪೊಟ್ಟಣ ತಂದುಕೊಟ್ಟ. ದೊಡ್ಡವ್ವ ಅದನ್ನು ಬಿಚ್ಚದೆಯೇ ಗೂಡಿನಲ್ಲಿಟ್ಟಳು. ‘ರೋಗ ಬಂದೋರಿಗೆ ಔಷಧ. ನನಗೆ ವಯಸ್ಸು ಬಂದೈತೆ. ವಯಸ್ಸಿಗೆ ಪಂಡಿತ್ರು ಏನ್ ಕೊಟ್ಟಾರು?’

ಔಷಧವೇ ಕೂಡದೆಂದು ನಾನು ವಾದಿಸುತ್ತಿಲ್ಲ. ಬೇಕಾದವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಲಿ. ಅವಳು ತೆಗೆದುಕೊಳ್ಳಲಿಲ್ಲ, ಅಷ್ಟೇ. ಅದರ ಬದಲು ಅವಳು ಮಾಡಿದ್ದು ತನ್ನ ಮೈಯನ್ನು ತಾನೇ ಕಾಯುವ ಕೆಲಸ. ನಾನು ಮುಂದೆ ಓದಿದ ದೇಹವಿಜ್ಞಾನದ ಪುಸ್ತಕಗಳಲ್ಲಿ ಅದಕ್ಕೆ ದೊಡ್ಡ ಹೆಸರುಗಳಿವೆ. ಮಧ್ಯಾಹ್ನದ ಸುಡುವ ಚಹಾದ ಬೆನ್ನಿಗೇ ಝಳ ಬರುವುದನ್ನು ಕಂಡು ಚಹಾ ಬಿಟ್ಟಳು, ಮಜ್ಜಿಗೆ ಹಿಡಿದಳು. ಕೆಂಪು ಮೆಣಸಿನಕಾಯಿಯ ಚಟ್ನಿಯನ್ನೂ ಬಿಟ್ಟು ನೋಡಿದಳು. ಏನೂ ವ್ಯತ್ಯಾಸ ಕಾಣಲಿಲ್ಲವೆಂದು ಮಾರನೆಯ ವಾರದಿಂದ ಎರಡು ಪಟ್ಟು ತಿಂದಳು. ದಪ್ಪ ಸೀರೆಗಳನ್ನು ಪೆಟ್ಟಿಗೆಗೆ ಹಾಕಿ, ಒಗೆದು ಒಗೆದು ಮೆತ್ತಗಾದ ಹಳೆಯ ನೂಲಿನ ಸೀರೆಗಳನ್ನು ಹೊರತೆಗೆದಳು. ಕುಡಿಯುವ ನೀರಿಗೆ ಲಾಮಂಚದ ಬೇರು ಹಾಕಿಟ್ಟಳು. ಅದರಿಂದ ಝಳ ನಿಲ್ಲುತ್ತದೆಂದು ಅವಳೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ‘ಕುಡಿಯಾಕೆ ಚೆನ್ನಾಗೈತೆ’ ಎನ್ನುತ್ತಿದ್ದಳು. ಸಂಜೆ ನನ್ನನ್ನು ಕರೆದುಕೊಂಡು ಆನೆಕೊಂಡದ ಗುಡಿಯವರೆಗೆ ನಡೆದು ಬರುತ್ತಿದ್ದಳು. ದಾರಿಯಲ್ಲಿ ಝಳ ಬಂದರೆ ಯಾವುದಾದರೂ ಕಟ್ಟೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಉಸಿರನ್ನು ನಿಧಾನವಾಗಿ ಎಳೆದು ನಿಧಾನವಾಗಿ ಬಿಡುವಳು. ‘ಅದರ ಮೇಲೆ ಸಿಟ್ಟಾದ್ರೆ ಇನ್ನೂ ಕುಣೀತೈತೆ. ಸುಮ್ಕೆ ಕುಂತ್ರೆ ಅದಕ್ಕೇ ಬ್ಯಾಸರಾಗಿ ಹೋಗ್ತೈತೆ.’ ಈ ಉಪಾಯವನ್ನು ನಾನು ಮುಂದೆ ಝಳಕ್ಕಷ್ಟೇ ಅಲ್ಲ, ಕೆಲವು ನೆಂಟರ ಮೇಲೂ ಪ್ರಯೋಗಿಸಿದ್ದೇನೆ.

ಇಷ್ಟೆಲ್ಲ ಮಾಡಿದರೂ ಆ ಗಾಳಿಯಿಲ್ಲದ ಕೋಣೆಯ ಬೆಂಕಿ ಮಾತ್ರ ಅವಳನ್ನು ಗೆಲ್ಲುತ್ತಿತ್ತು. ಒಂದು ಬೆಳಿಗ್ಗೆ ಅವಳು ಕೆಮ್ಮಣ್ಣು ಕಲಸಿ, ಹಿತ್ತಲ ಬೇವಿನ ಮರದ ಕೆಳಗೆ ಹೊಸದೊಂದು ಒಲೆ ಮೆತ್ತಿದಳು. ಅದು ಒಣಗಿದ ಮೇಲೆ ತನ್ನ ಮಣೆ, ಹಂಚು, ಹತ್ತಿಕಟ್ಟಿಗೆಯ ಹೊರೆಯನ್ನು ಅಲ್ಲಿಗೆ ಸಾಗಿಸಿ, ಎಳೆಬಿಸಿಲಿಗೂ ಮುಂಚೆ ತಣ್ಣಗಿನ ಗಾಳಿಯಲ್ಲಿ ರೊಟ್ಟಿ ಬಡಿಯತೊಡಗಿದಳು. ಝಳ ಬಂದರೆ ಹಿಂದಕ್ಕೆ ಸರಿದು ಒದ್ದೆ ಬಟ್ಟೆಯನ್ನು ಕುತ್ತಿಗೆಗೆ ಹಾಕಿಕೊಳ್ಳುವಳು. ಅವಳ ಮುಖದಲ್ಲಿ ನಗು ಮರಳಿತು.

ಈಗ ಓದುಗರು ಒಂದು ಸಂಗತಿಯನ್ನು ತಿಳಿಯಬೇಕು. ನಮ್ಮಲ್ಲಿ ಮನೆ ಪಾಲಾಗುತ್ತಿದ್ದದ್ದು ಕಾಗದದ ಮೇಲಲ್ಲ. ಕಾಗದ ಬರುವುದು ಎಷ್ಟೋ ವರ್ಷಗಳ ಮೇಲೆ. ಒಂದು ಮನೆಯಲ್ಲಿ ಎರಡನೆಯ ಒಲೆ ಹೊತ್ತಿದ ದಿನವೇ ಪಾಲು. ಹೆಣ್ಣು ನೋಡಲು ಬಂದವರು ‘ಅಣ್ಣತಮ್ಮರು ಒಂದೇ ಒಲೆಯಾಗೆ ಅದಾರೇನ್ರಿ?’ ಎಂದು ಕೇಳಿ ಮನೆತನದ ತೂಕ ನೋಡುತ್ತಿದ್ದರು. ನಮ್ಮ ಹಿತ್ತಲಿನಲ್ಲಿ ಹೊಗೆಯೆದ್ದ ಮೊದಲ ದಿನವೇ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು.

‘ಏನ್ರೀ ನೀಲವ್ವ, ಪಾಲು ಆತಂತೆ? ನಿಮ್ಮ ಪಾಲಿಗೆ ಏನೇನು ಬಂತು?’

‘ಹೊಗೆ ಪೂರಾ ನನಗೆ ಬಂತು. ಬೂದಿ ನಿಮಗೇ ಅಂತ ತೆಗೆದಿಟ್ಟೀನಿ, ಸಂಜೆಗೆ ಬಂದು ತಗಂಡ್ಹೋಗ್ರಿ,’ ಎಂದಳು ದೊಡ್ಡವ್ವ.

ಗೋಡೆಯಾಚೆಯ ಬಾಯಿ ಮುಚ್ಚಿತು, ಊರಿನದು ಮುಚ್ಚಲಿಲ್ಲ. ದೊಡ್ಡವ್ವನ ಮಗಳು ಗಿರಿಜಕ್ಕನಿಗೆ ಹರಿಹರದ ಒಂದು ಮನೆಯಲ್ಲಿ ಮಾತಾಗಿತ್ತು. ತುಂಬಿದ ಮನೆ, ಒಳ್ಳೆಯ ಹುಡುಗ; ಗಿರಿಜಕ್ಕ ಅವನನ್ನು ಒಮ್ಮೆ ನೋಡಿದ್ದಷ್ಟೇ ಆದರೂ ಅವನ ಹೆಸರು ಬಂದಾಗಲೆಲ್ಲ ನೀರು ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದಳು. ಆ ಮನೆಯಿಂದ ದೊಡ್ಡಪ್ಪನ ಅಂಗಡಿಗೆ ಮಾತು ಬಂತು: ‘ಮನೆ ಒಡೆದೈತೆ ಅಂತ ಕೇಳಿದ್ವಿ. ಒಡೆದ ಮನೆ ಹೆಣ್ಣು ತಂದ್ರೆ ನಮ್ಮ ಮನೆಯಾಗೂ ಎರಡು ಒಲೆ ಹಾಕಿಸ್ತಾಳೆ. ಸ್ವಲ್ಪ ತಡೀರಿ.’

ದೊಡ್ಡಪ್ಪ ಮನೆಗೆ ಬಂದವನೇ ಹಿತ್ತಲಿನಲ್ಲಿ ನಿಂತು ಕೂಗಾಡಿದ. ‘ಮಗಳ ಮದುವೆ ಬೇಕೋ, ಈ ಒಲೆ ಬೇಕೋ? ಒಳಗೆ ಕುಂತು ರೊಟ್ಟಿ ಬಡಿಯಾಕೆ ನಿನಗೇನು ಧಾಡಿ?’

ದೊಡ್ಡವ್ವ ಒಲೆಯ ಬೆಂಕಿಗೆ ನೀರು ಸುರಿದು, ಹಂಚನ್ನೂ ಮಣೆಯನ್ನೂ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಅವಳು ಹಲ್ಲು ಕಚ್ಚಿ ಆ ಕೋಣೆಯಲ್ಲಿ ಬಡಿದ ರೊಟ್ಟಿಯನ್ನು ಮನೆಯ ಗಂಡಸರು ಯಥಾಪ್ರಕಾರ ಉಂಡು ಏಳುತ್ತಿದ್ದರು. ಒಮ್ಮೆ ಅವಳು ಗೋಡೆಗೆ ಒರಗಿ ಕುಸಿದಾಗ ಅವ್ವ ತಡೆಯಲಾರದೆ ಹೇಳಿದಳು: ‘ಅಕ್ಕಾ, ಇದ್ದದ್ದು ಇದ್ದಂಗೆ ಹೇಳಿಬಿಡಾನ.’

‘ಯಾರಿಗೆ ಹೇಳ್ಲಿ? ಹರಿಹರದ ಗಂಡಸ್ರ ಮುಂದೆ ನಿಂತು, ನನ್ನ ಮುಟ್ಟು ನಿಂತೈತ್ರಿ, ಅದಕ್ಕೇ ಒಲೆ ಹೊರಗಿಟ್ಟೆ ಅನ್ಲಾ? ಕಟ್ಟಿಕೊಂಡ ನಿನ್ನ ಭಾವಗೇ ಹೇಳಾಕೆ ನನಗೆ ಬಾಯಿ ಬಂದಿಲ್ಲ.’

ಹರಿಹರದ ತಾಯಿ, ಅಂದರೆ ಬೀಗತಿಯಾಗಬೇಕಾದವಳು, ಬಟ್ಟೆ ಕೊಳ್ಳುವ ನೆಪದಲ್ಲಿ ಒಂದು ದಿನ ಬೆಳಗಿನ ರೈಲಿಗೇ ಬಂದಳು. ಜೊತೆಗೆ ಗಂಡಸರಿರಲಿಲ್ಲ. ತಾನೇ ಕಣ್ಣಾರೆ ನೋಡಿಹೋಗಬೇಕೆಂಬುದು ಅವಳ ಹಟವಾಗಿತ್ತೆಂದು ಆಮೇಲೆ ತಿಳಿಯಿತು. ನೇರವಾಗಿ ಅಡುಗೆಮನೆಯ ಬಾಗಿಲಿಗೆ ಬಂದು ಕುಳಿತಳು. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಗಿರಿಜಕ್ಕ ಕಂಬದ ಹಿಂದೆ ನಿಂತಿದ್ದಳು. ಆಗಲೇ ಕೆಂಪು ಏರತೊಡಗಿತು. ದೊಡ್ಡವ್ವ ತಡೆದಳು, ತಡೆದಳು, ಕೊನೆಗೆ ಅರ್ಧ ಬಡಿದ ರೊಟ್ಟಿಯನ್ನು ಬಿಟ್ಟು, ಹಿತ್ತಲಿಗೆ ಓಡಿದಳು. ಅವ್ವ ಈಳಿಗೆಯನ್ನು ಸರಿಸಿ, ಕೈ ತೊಳೆದು, ಅದೇ ಮಣೆಯ ಮೇಲೆ ಕುಳಿತು, ಅದೇ ರೊಟ್ಟಿಯನ್ನು ಬಡಿದು ಮುಗಿಸಿದಳು. ಹಿಟ್ಟು ಸಾಲದೆ ಬಂದಾಗ ಮೂಲೆಯ ದೊಡ್ಡ ಡಬ್ಬಿಯಿಂದ ತೆಗೆದುಕೊಂಡಳು. ಹರಿಹರದಾಕೆ ಇದನ್ನು ನೋಡಿದಳು. ಎದ್ದು ಹಿತ್ತಲಿಗೆ ನಡೆದಳು. ನಾನು ನೀರಿನ ತಂಬಿಗೆ ಹಿಡಿದು ಹಿಂದೆಯೇ ಹೋದೆ.

ದೊಡ್ಡವ್ವ ಬೇವಿನ ಮರಕ್ಕೆ ಒರಗಿ, ಒದ್ದೆ ಬಟ್ಟೆ ಕುತ್ತಿಗೆಗೆ ಹಾಕಿಕೊಂಡು ಕಣ್ಣು ಮುಚ್ಚಿದ್ದಳು. ಎದುರಿಗೆ ಆರಿದ ಒಲೆ. ಬಂದವಳು ಎರಡನ್ನೂ ನೋಡಿ ಅವಳ ಪಕ್ಕದಲ್ಲಿ ಕುಳಿತಳು.

‘ನಿಮಗೂ ಶುರುವಾತೇನ್ರಿ?’

ದೊಡ್ಡವ್ವ ಕಣ್ಣು ತೆರೆದಳು.

‘ನನಗೆ ಹೋದ ವರ್ಷದಿಂದ,’ ಎಂದಳು ಹರಿಹರದಾಕೆ. ‘ದಿನಾ ಮೂರು ಹೊತ್ತೂ ಹೊಳೆಗೆ ಹೋಗಿ ಕುತ್ತಿಗೆತನಕ ಮುಳುಗಿ ಕುಂದ್ರತೀನಿ. ನಮ್ಮ ಮನೆಯಾಗೆ ನಾನು ಭಾರಿ ಭಕ್ತಳು ಅಂತ ಹೆಸರಾಗೈತೆ. ನಮ್ಮ ಮಾವನೋರು ನನ್ನ ಕಂಡ್ರೆ ಎದ್ದು ನಿಲ್ತಾರೆ! ನಾನೂ ಸುಮ್ಕಿದೀನಿ. ನಿಮ್ಮ ಊರಾಗೆ ಹೊಳೆ ಇಲ್ಲ, ನೀವೇನ್ ಮಾಡ್ತೀರಿ ಪಾಪ.’

ದೊಡ್ಡವ್ವ ನಕ್ಕಳು. ಹಾಗೆ ನಗುತ್ತಲೇ ಅವಳ ಕಣ್ಣು ತುಂಬಿತು. ‘ಅದ್ಸರಿ, ನಿಮ್ಮ ಗಂಡಸ್ರಿಗೆ ಏನಂತ ಹೇಳ್ತೀರಿ?’

‘ಒಲೆ ಎರಡು ಅದಾವು, ಹಿಟ್ಟಿನ ಡಬ್ಬಿ ಒಂದೇ ಐತೆ ಅಂತೀನಿ. ನಾನು ಕಣ್ಣಾರೆ ನೋಡಿದ್ದು ಅದೇ ತಾನೆ? ಮಿಕ್ಕಿದ್ದು ಅವ್ರಿಗ್ಯಾಕ?’

ಅಷ್ಟರಿಂದಲೇ ಮದುವೆ ಕೂಡಿಬಂತು. ಒಲೆ ಮತ್ತೆ ಹೊತ್ತಿತು; ಕೆಲವು ವರ್ಷಗಳ ಮೇಲೆ ದೊಡ್ಡವ್ವನ ಝಳ ತಾನಾಗಿಯೇ ನಿಂತಿತು. ಅದಾದ ಮೇಲೂ ಹೊರಗಿನ ಗಾಳಿಯ ರುಚಿ ಹತ್ತಿದ್ದರಿಂದ ಇಬ್ಬರು ನೆಗೆಣ್ಣಿಯರೂ ಅಲ್ಲಿಯೇ ರೊಟ್ಟಿ ಬಡಿದರು. ಆದರೆ ಗಂಡಸರ ಕಿವಿಗೆ ಕಾರಣ ಬೀಳಲಿಲ್ಲವಾದ್ದರಿಂದ ಅವರು ತಮಗೆ ಗೊತ್ತಿದ್ದ ಕಾರಣವನ್ನೇ ತುಂಬಿಕೊಂಡರು. ದಾವಣಗೆರೆಯಲ್ಲಿ ಅದು ಜಗಳವಾಯಿತು, ಹರಿಹರದಲ್ಲಿ ಭಕ್ತಿಯಾಯಿತು. ಗಿರಿಜಕ್ಕನ ಮೊಮ್ಮಕ್ಕಳು ಇಂದಿಗೂ ಆ ಮುತ್ತಜ್ಜಿಯ ಹೊಳೆಸ್ನಾನದ ನಿಷ್ಠೆಯನ್ನು ಕೊಂಡಾಡುತ್ತಾರೆ. ಅವಳಿಗೆ ಭಕ್ತಿಯಿರಲಿಲ್ಲವೆಂದು ನಾನು ಹೇಳಲಾರೆ. ಮೂರು ಹೊತ್ತಿನ ಭಕ್ತಿಯಿರಲಿಲ್ಲವೆಂದು ಮಾತ್ರ ಖಂಡಿತವಾಗಿ ಬಲ್ಲೆ.

ಇದನ್ನೆಲ್ಲ ನಾನು ಭಾನುವಾರ ಊಟದ ಮೇಜಿನ ಮುಂದೆ ಸಾಕ್ಷಿ ನುಡಿಯುವವಳ ಗತ್ತಿನಲ್ಲಿ ಹೇಳಿ ಮುಗಿಸಿದೆ. ಇತಿಹಾಸವೊಂದನ್ನು ತಿದ್ದಿದೆನೆಂಬ ಹೆಮ್ಮೆ ನನಗಿತ್ತು. ಅಣ್ಣನ ಮಗ ತಲೆದೂಗಿದ. ಆದರೆ ಮಾತನಾಡಿದವಳು ಉಮಾ.

‘ಅತ್ತೆ, ಚಹಾ ಬಿಟ್ಟ ಮೇಲೆ ಅವ್ರಿಗೆ ಎಷ್ಟು ದಿನಕ್ಕೆ ಕಮ್ಮಿ ಆತು?’

‘ಈಗ ನಿನಗ್ಯಾಕ ಅದು?’ ಎಂದು ಅವಳ ಗಂಡ ನಕ್ಕ.

‘ನನಗೇ ಬೇಕಾಗೈತೆ ರೀ,’ ಎಂದಳು ಅವಳು.

ಅವನ ನಗು ನಿಂತಿತು. ಪಿತ್ತವೆನ್ನಲಿಲ್ಲ, ಡಾಕ್ಟರ ಹೆಸರು ಹೇಳಲಿಲ್ಲ, ಎದ್ದು ಹೋಗಲೂ ಇಲ್ಲ. ಅವಳ ಕಡೆಗೆ ತಿರುಗಿ, ‘ಯಾವಾಗಿಂದ?’ ಎಂದು ಕೇಳಿದ.

ನಮ್ಮ ಮನೆತನದ ಗಂಡಸೊಬ್ಬ ಹಾಗೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಉತ್ತರ ಉದ್ದವಾಗುವಂತಿತ್ತು. ನಾನು ಎದ್ದು, ಬಡಿಸುತ್ತ ನಿಂತೇ ಇದ್ದ ಉಮಾ ಕೂರಲೆಂದು ನನ್ನ ಕುರ್ಚಿಯನ್ನು ಅವಳ ಕಡೆಗೆ ಸರಿಸಿ, ಕೈ ತೊಳೆಯಲು ಹೋದೆ.