ದೀಪ ಹಚ್ಚಿದ ಮೇಲೆ ಸೂಜಿ

ದೀಪ ಹಚ್ಚಿದ ಮೇಲೆ ನಮ್ಮ ಅಂಗಡಿಯಲ್ಲಿ ಸೂಜಿ ಮಾರುತ್ತಿರಲಿಲ್ಲ. ದಾರ, ಗುಂಡಿ, ಹುಕ್ಕು, ಲೇಸು, ಅಸ್ತರಿನ ಬಟ್ಟೆ ಏನು ಕೇಳಿದರೂ ಕೊಡುತ್ತಿದ್ದೆವು. ಸೂಜಿ ಮಾತ್ರ ಇಲ್ಲ. ಆ ಹೊತ್ತಿನಲ್ಲಿ ಮನೆಯಿಂದ ಸೂಜಿ ಹೊರಗೆ ಹೋದರೆ ಅದರ ಬೆನ್ನಿಗೇ ಲಕ್ಷ್ಮಿಯೂ ಹೋಗುತ್ತಾಳೆ ಎಂದು ಅವ್ವ ಹೇಳುತ್ತಿದ್ದಳು. ಅಪ್ಪ ಪಾಲಿಸಿದ, ನಾನೂ ಪಾಲಿಸಿದೆ. ದೇವರ ಮುಂದೆ ಬತ್ತಿ ಹೊತ್ತಿಸಿ ಬಂದು, ಸೂಜಿಯ ಖಾನೆಗೆ ಕೀಲಿ ಹಾಕಿ, ಕೀಲಿಯನ್ನು ಒಳಅಂಗಿಯ ಕಿಸೆಗೆ ಸೇರಿಸಿದರೆ ನನ್ನ ದಿನದ ಒಂದು ಕೆಲಸ ಮುಗಿದಂತೆ.

ನನಗೆ ನಿಯಮ ಎಂದರೆ ನೆಮ್ಮದಿ. ಹುಡುಗನಿದ್ದಾಗ ಬೋರ್ಡಿಂಗಿನಲ್ಲಿ ಬೆಳೆದೆ. ಅಲ್ಲಿ ಏಳುವುದಕ್ಕೂ ಗಂಟೆ, ಹಾಸಿಗೆ ಮಡಚುವುದಕ್ಕೂ ಗಂಟೆ, ತಟ್ಟೆ ತೊಳೆಯುವುದಕ್ಕೂ ಗಂಟೆ. ತಡವಾದವನಿಗೆ ಊಟವಿಲ್ಲ. ಉಳಿದ ಹುಡುಗರು ಬೈದುಕೊಂಡರು, ನಾನು ಅದನ್ನು ಮೈಗೂಡಿಸಿಕೊಂಡೆ. ಆದ್ದರಿಂದಲೇ ಗೋಕಾಕದ ಪೇಟೆಯ ವ್ಯಾಪಾರಿಗಳು ಸಲಹಾ ಸಮಿತಿ ಕಟ್ಟಿದಾಗ ಎಲ್ಲರೂ ನನ್ನನ್ನೇ ಅಧ್ಯಕ್ಷ ಮಾಡಿದರು. ಲೆಕ್ಕ ಬಲ್ಲವರು, ಮಾತು ಬಲ್ಲವರು ಬೇರೆ ಇದ್ದರು. ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುವವನು ನಾನೊಬ್ಬನೇ.

ಸಮಿತಿಯ ಕೆಲಸ ದೊಡ್ಡದೇನೂ ಅಲ್ಲ. ಪೇಟೆಯಲ್ಲಿ ಕಾಲಾಡುತ್ತೇವೆ. ಗಟಾರದ ಕಲ್ಲು ಎಲ್ಲಿ ಮುರಿದಿದೆ, ಗಾಡಿ ನಿಲ್ಲಿಸಲು ಎಲ್ಲಿ ಜಾಗವಿಲ್ಲ, ಯಾವ ಅಂಗಡಿಯ ಮುಂದೆ ಕತ್ತಲೆ ಎಂದು ನೋಡಿ ನಗರಸಭೆಯವರಿಗೆ ಅರ್ಜಿ ಬರೆಯುತ್ತೇವೆ. ಹೊಸ ಅಂಗಡಿ ಹಾಕುವವರು ನಮ್ಮನ್ನು ಕೇಳುತ್ತಾರೆ. ಮೂಡಲಗಿ, ಹುಕ್ಕೇರಿಗಳಲ್ಲೂ ಇಂಥವೇ ಸಮಿತಿಗಳಿವೆ. ಆಗಾಗ ಮೂರೂ ಊರಿನವರು ಕೂಡುತ್ತೇವೆ.

ಹುಕ್ಕೇರಿಯಲ್ಲಿ ಕೂಡಿದ ಒಂದು ಸಭೆಯಲ್ಲಿ ನಾನು ಎದ್ದುನಿಂತು ಮಾತಾಡಿದ್ದೆ. ಮದುವೆ ಜವಳಿಗೆ ನಮ್ಮ ಮಂದಿ ಬೆಳಗಾವಿಗೆ ಓಡುತ್ತಾರೆ. ಯಾಕೆಂದರೆ ಹಗಲು ಅವರಿಗೆ ಕೆಲಸ, ಸಂಜೆ ನಮ್ಮ ಅಂಗಡಿಗಳಿಗೆ ಬಾಗಿಲು. "ಗಿರಾಕಿ ಬರೂ ಹೊತ್ತಿಗೆ ಅಂಗಡಿ ತೆರದಿರಬೇಕು. ನಮಗ ಪುರಸತ್ತ ಆದಾಗ ಗಿರಾಕಿ ಬರಲಿ ಅನ್ನಾಂವ ವ್ಯಾಪಾರಿ ಅಲ್ಲ" ಎಂದೆ. ಚಪ್ಪಾಳೆ ಬಿದ್ದವು. ಬೀದಿಗೆ ದೀಪ ಬೇಕೆಂದು ಅರ್ಜಿ ಬರೆದವನೂ ನಾನೇ, ಬೆನ್ನು ಹತ್ತಿದವನೂ ನಾನೇ. ದೀಪ ಬಂದವು. ಮಧ್ಯಾಹ್ನ ಮಲಗಿ ಸಂಜೆಗೂ ಏಳದಿದ್ದ ಬಾಂಡೆ-ಪಾತ್ರೆ ಅಂಗಡಿಯವರನ್ನು ನಾನೇ ಬಾಗಿಲು ಬಡಿದು ಎಬ್ಬಿಸಿದೆ. ನೋಡನೋಡುತ್ತ ಸಂಜೆಯ ಪೇಟೆ ತುಂಬಿತು. ಮಸಗುಪ್ಪಿಯ ಹೆಣ್ಣುಮಕ್ಕಳು ಹೊಲದ ಕೆಲಸ ಮುಗಿಸಿಕೊಂಡು ರವಿಕೆ ಬಟ್ಟೆ ಹಿಡಿದು ಬರತೊಡಗಿದರು. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಟೇಲರುಗಳ ಮಷಿನ್ನು ರಾತ್ರಿ ಊಟದ ಹೊತ್ತಿನವರೆಗೂ ನಡೆಯತೊಡಗಿದವು.

ನಾನು ಮಾತ್ರ ದೀಪ ಹಚ್ಚಿ ಸೂಜಿಯ ಖಾನೆಗೆ ಕೀಲಿ ಹಾಕುತ್ತಿದ್ದೆ. ಎರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಆ ಭಾಷಣ ವ್ಯಾಪಾರದ ಮಾತು, ಈ ಕೀಲಿ ಮನೆತನದ ಮಾತು ಎಂದು ಬೇರೆ ಬೇರೆ ಇಟ್ಟುಕೊಂಡಿದ್ದೆ.

ಕಳೆದ ಶ್ರಾವಣಕ್ಕಿಂತ ಮೊದಲು ಮೂಡಲಗಿಯ ಒಬ್ಬ ಯುವಕ ಸಮಿತಿಯ ಮುಂದೆ ಬಂದ. ಜೈನರ ಮನೆತನ, ನಾಲ್ಕು ತಲೆಮಾರಿನ ವ್ಯಾಪಾರ. ಸಮಿತಿಯಲ್ಲಿ ನಾನು ಮಾಡಿದ ನಿಯಮಗಳಿದ್ದವು. ಸಲಹೆ ಕೇಳಲು ಬಂದವರು ಬಾಗಿಲ ಬಳಿಯ ಬೆಂಚಿನ ಮೇಲೆ ಕೂಡಬೇಕು, ಕರೆದಾಗ ಎದ್ದುನಿಂತು ಹೇಳಬೇಕು. ಸದಸ್ಯರ ಹೆಸರು, ವ್ಯಾಪಾರ ಅವರಿಗೆ ತಿಳಿಸಬಾರದು. ತಿಳಿಸಿದರೆ ಮುಖ ನೋಡಿ ಮಾತಾಡುತ್ತಾರೆ, ಖರೆ ಹೇಳುವುದಿಲ್ಲ.

"ಏನ್ ಅಂಗಡಿ ಹಾಕಬೇಕಂತೀಯಪಾ?" ಎಂದೆ.

"ಟೇಲರಿಂಗ್ ಸಾಮಾನಿಂದ್ರಿ, ಕಾಕಾ. ಮೂಡಲಗ್ಯಾಗ ನಮ್ಮ ಅಂಗಡಿ ಐತ್ರಿ, ಅದನ್ನ ಅಣ್ಣ ನೋಡ್ತಾನ. ನಾ ಇಲ್ಲಿ ಗೋಕಾಕದಾಗ ಹಾಕಬೇಕಂತೇನ್ರಿ. ಸಮಿತಿಯವರು ಹೂಂ ಅಂದ್ರ ಅಷ್ಟ ಅಪ್ಪಾ ಒಪ್ತಾರ್ರಿ. ಇಲ್ಲಂದ್ರ ಮುಗೀತು."

ಸಮಿತಿಯಲ್ಲಿದ್ದ ಬಾಂಡೆ ಅಂಗಡಿಯವರು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಹುಲಿ ಗವಿಗೆ ಬಂದು ಹುಲೀನ ದಾರಿ ಕೇಳಾಕತ್ತಾನ ಹುಡುಗ."

ನನಗೂ ನಗು ಬಂದಿತ್ತು. ಆದರೆ ನಿಯಮ ನಿಯಮವೇ. ಪ್ರತಿಯೊಬ್ಬರಿಗೂ ಕೇಳುವ ಪ್ರಶ್ನೆಯನ್ನೇ ಅವನಿಗೂ ಕೇಳಿದೆ. "ಗಿರಾಕಿ ಈಗ ಎಲ್ಲಿಗೆ ಹೋಗ್ತಾನ? ಅದನ್ನ ನೋಡೀಯೇನು?" ಈ ಪ್ರಶ್ನೆ ನನ್ನದೇ. ಎಷ್ಟೋ ಮಂದಿ ಇದಕ್ಕೆ ಉತ್ತರವಿಲ್ಲದೆ ತಿರುಗಿ ಹೋಗಿದ್ದಾರೆ.

"ನೋಡೇನ್ರಿ" ಎಂದ ಯುವಕ. "ಸಂಜೀಕ ಬಂದು ಟೇಲರ್ ಓಣ್ಯಾಗೆಲ್ಲ ಅಡ್ಡಾಡೇನಿ. ಪ್ಯಾಟ್ಯಾಗ ಒಂದ ಹಳೇ ಅಂಗಡಿ ಐತ್ರಿ. ಸಾಮಾನು ಚಲೋ ಇರ್ತಾವಂತ. ಆದ್ರ ದೀಪಾ ಹಚ್ಚಿದ ಮ್ಯಾಲೆ ಸೂಜಿ ಕೊಡೂದಿಲ್ಲಂತ್ರಿ. ಮಷಿನ್ ಸೂಜಿ ಮುರ್ಯೂದ ಸಂಜೀಕರಿ, ಗಡಿಬಿಡಿ ಕೆಲಸದಾಗ."

"ಮತ್ತ ಅವರು ಏನ್ ಮಾಡ್ತಾರ?"

"ಅದ ಅಂಗಡಿ ಹಿಂದಿನ ಬಾಗಲಕ್ಕ ಹೋಗ್ತಾರ್ರಿ. ಆ ಮನಿ ಸೊಸಿ, ಅಕ್ಕಾರು, ಒಳಗಿಂದ ತಂದು ಕೊಡ್ತಾರಂತ. ಸಪ್ಪಳಾ ಮಾಡಬಾರದಂತ. ಮುಂದ ಗಲ್ಲಾದ ಮ್ಯಾಲೆ ಒಬ್ಬ ಅಜ್ಜ ಕುಂತಿರ್ತಾನಂತ, ಆಂವಗ ಗೊತ್ತಾಗಬಾರದಂತ್ರಿ. ಇಡೀ ಓಣಿಗೆ ಗೊತ್ತೈತಿ, ಅಜ್ಜಗ ಒಬ್ಬಾಂವಗ ಗೊತ್ತಿಲ್ಲ."

ಅವನು ತನ್ನ ಮಾತಿಗೆ ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ. ಬಾಂಡೆ ಅಂಗಡಿಯವರು ತಲೆ ಎತ್ತಿ ಫ್ಯಾನು ನೋಡತೊಡಗಿದರು. ಸದಸ್ಯರಲ್ಲಿ ಹಿರಿಯರಾದ ಟೇಲರ್ ಮಾಸ್ತರರು ಕೊರಳಲ್ಲಿದ್ದ ಅಳತೆ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು. ನನ್ನ ಮುಂದೆ ಸಭೆ ಮುಗಿಸುವ ಹಿತ್ತಾಳೆಯ ಗಂಟೆ ಇತ್ತು. ಅದನ್ನು ಹಿಡಿದುಕೊಂಡೇ ಇದ್ದೆ, ಬಾರಿಸಲಿಲ್ಲ.

"ಸಾವ್ಕಾರ್ರ, ಚಾ ಆರಾಕತ್ತೈತಿ, ಕುಡೀರಿ" ಎಂದರು ಮಾಸ್ತರರು, ನನ್ನ ಕಡೆ ನೋಡದೆ.

ಮುಂದಿನ ಸಭೆಯಲ್ಲಿ ಹೇಳುತ್ತೇವೆ ಎಂದು ಯುವಕನನ್ನು ಕಳಿಸಿದೆ. ಮನೆಯ ಕಡೆ ಹೊರಟಾಗ ಮಾಸ್ತರರು ಜೊತೆಗೆ ಬಂದರು. ನಮ್ಮ ಹಿಂದಿನ ಓಣಿಯಲ್ಲೇ ಅವರ ಅಂಗಡಿ. ಅವರ ಅಪ್ಪ ನನ್ನ ಅಪ್ಪನಿಗೆ ಅಂಗಿ ಹೊಲಿದವರು.

"ಯಾವಾಗಿಂದ, ಮಾಸ್ತರ?"

"ನೀವು ಲೈಟ್ ಹಾಕಿಸಿದಾಗಿಂದ್ರಿ."

"ಯಾರರ ನನಗ ಹೇಳಬೇಕಿತ್ತ."

"ಹೇಳಿದ್ರ ನೀವು ಹಿಂದಿನ ಬಾಗಲಕ್ಕೂ ಕೀಲಿ ಹಾಕ್ತಿದ್ರಿ. ನಿಮ್ಮ ಸೊಸಿ, ನಮ್ಮ ಬೇಟಿಗೆ ಬೈಗಳ, ನಮ್ಮ ಮಷಿನ್ ಬಂದ್. ಸುಮ್ನಿದ್ರ ಎಲ್ಲಾರಿಗೂ ಚಲೋ. ನಾನೂ ಸಲಹಾ ಸಮಿತ್ಯಾಂವ ಹೌದಲ್ರಿ? ಹಂಗ ನನಗ ನಾನ ಸಲಹಾ ಕೊಟ್ಕೊಂಡೆ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆಗ ನನಗೆ ಕಾಣುತ್ತಿದ್ದುದು ಹುಕ್ಕೇರಿಯ ಸಭೆಯ ನಂತರದ ದಿನಗಳು. ಗಿರಾಕಿಯ ಹೊತ್ತು, ಗಿರಾಕಿಯ ಹೊತ್ತು ಎಂದು ನಾನು ಪೇಟೆಯ ತುಂಬ ಹೇಳುತ್ತ ತಿರುಗುವಾಗ ಇವರೆಲ್ಲ ಗಂಭೀರವಾಗಿ ಗೋಣು ಹಾಕಿದ್ದರು. ಬಾಂಡೆ ಅಂಗಡಿಯವರು ಬಾಗಿಲು ತೆರೆದು "ತಪ್ಪಾತ್ರಿ" ಎಂದು ನನಗೆ ಕೈಮುಗಿದಿದ್ದರು. ಅವರ ಹೆಂಡತಿಯೂ ಅದೇ ಸಂಜೆ ನಮ್ಮ ಹಿಂದಿನ ಬಾಗಿಲಿಗೆ ಬಂದಿರಬಹುದು. ಮಲಗಿದ ಕೂಸಿನ ಪಕ್ಕ ತುದಿಗಾಲಲ್ಲಿ ನಡೆಯುತ್ತಾರಲ್ಲ, ಇಡೀ ಪೇಟೆ ನನ್ನ ಪಕ್ಕ ಹಾಗೆ ನಡೆದಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ಮರ್ಯಾದೆ. ಇದನ್ನು ಹೇಗೆ ತಡೆದುಕೊಳ್ಳುವುದೋ ತಿಳಿಯಲಿಲ್ಲ.

ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಮಗ ಕಣಗಲಾ ಹತ್ತಿರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಬರುವುದು ತಡ. ಅಂಗಡಿಯಲ್ಲಿ ಹಗಲೆಲ್ಲ ನಾವಿಬ್ಬರೇ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ನನ್ನ ಮುಖ ನೋಡಿ ಬಡಿಯುವುದನ್ನು ನಿಲ್ಲಿಸಿದಳು. ಕೇಳುವ ಮೊದಲೇ ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಸಣ್ಣ ಪೆಟ್ಟಿಗೆ ತೆಗೆದು ಮುಂದಿಟ್ಟಳು.

"ನಿಮ್ಮ ಖಾನೆದಾಗಿಂದ ಒಂದೂ ಮುಟ್ಟಿಲ್ರಿ, ಮಾವಾರ. ಇವು ನಾ ಬ್ಯಾರೆ ತರಿಸಿದ್ದು."

"ನಿನಗ ಅಂಜಿಕಿ ಬರಲಿಲ್ಲೇನು?"

"ಮೊದಲನೇ ದಿನ ಬಂತ್ರಿ. ರಾತ್ರಿ ನಿದ್ದಿ ಹತ್ತಲಿಲ್ಲ. ಮುಂಜಾನೆ ಎದ್ದು ನೋಡಿದ್ರ ಲಕ್ಷ್ಮಿ ಎಲ್ಲಿಗೂ ಹೋಗಿರಲಿಲ್ರಿ. ಆಮ್ಯಾಲೆ ಬರಲಿಲ್ಲ." ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿ ಹೇಳಿದಳು: "ಸಂಜೀಕ ಸೂಜಿ ಸಿಗಲಿಲ್ಲಂದ್ರ ಮುಂಜಾನೆ ದಾರಕ್ಕೂ ಬರ್ತಿದ್ದಿಲ್ರಿ ಅವರು. ಎಲ್ಲಾ ಒಂದ ಕಡೆ ತಗೋತಾರ."

ನಮ್ಮ ಅಂಗಡಿ ನಿಂತದ್ದು ಹಿಟ್ಟಿನ ಡಬ್ಬಿಯ ಹಿಂದಿನ ಆ ಪೆಟ್ಟಿಗೆಯ ಮೇಲೆ ಎಂದು ನನಗೆ ಅರ್ಥವಾಯಿತು. ಯುವಕನ ಅಂಗಡಿಯ ವಿಷಯ ಹೇಳಿದೆ. ಅವನು ಬಂದರೆ ಹಿಂದಿನ ಬಾಗಿಲ ಗಿರಾಕಿ ಅವನ ಮುಂದಿನ ಬಾಗಿಲಿಗೆ ಹೋಗುತ್ತಾರೆ. ನಾನು ಇಲ್ಲ ಎಂದರೆ ಅವನು ಬರುವುದಿಲ್ಲ. ಇಷ್ಟು ಹೇಳಿ ಅವಳ ಮುಖ ನೋಡಿದೆ. ನಿಜ ಬರೆಯಬೇಕೆಂದರೆ, ಅವಳು ಇಲ್ಲ ಅನ್ನಿ ಎನ್ನಲಿ ಎಂದು ಕಾಯುತ್ತಿದ್ದೆ.

"ಒಂದ ಅಂಗಡಿ ಇದ್ರ ಅಲ್ಲಿ ಸಿಗಲಿಲ್ಲಂತ ಬೆಳಗಾವಿಗೆ ಹೋಗ್ತಾರ, ಎರಡಿದ್ರ ಎರಡೂ ನೋಡಿ ಊರಾಗ ತಗೋತಾರ" ಎಂದಳು ಸೊಸೆ. "ನೀವ ಹೇಳಿದ್ರಲ್ರಿ, ಬಳೆಗಾರರಿಗೆ. ಅಂಗಡಿಗೆ ಬಂದು ಜಗಳಾ ತಗದಿದ್ರಲ್ಲ ಅವರು, ಇನ್ನೊಬ್ಬರಿಗೆ ಯಾಕ ಹೂಂ ಅಂದ್ರಿ ಅಂತ. ನಾ ಒಳಗ ಕೇಳಾಕತ್ತಿದ್ದೆ." ಮತ್ತೆ ರೊಟ್ಟಿ ಬಡಿಯತೊಡಗಿದಳು.

ಹೌದು, ಹೇಳಿದ್ದೆ. ಬಳೆಗಾರರ ಎದುರು ಹೇಳುವುದು ಸುಲಭವಾಗಿತ್ತು.

ಮುಂದಿನ ಸಭೆಗೆ ಎಂದಿನಂತೆ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆರೆದೆ. ಅಧ್ಯಕ್ಷರ ಕುರ್ಚಿಯಲ್ಲಿ ಮಾಸ್ತರರನ್ನು ಕೂಡಿಸಿದೆ. ನಾನು ಹೋಗಿ ಬಾಗಿಲ ಬಳಿಯ ಬೆಂಚಿನ ಮೇಲೆ ಯುವಕನ ಬಾಜೂ ಕೂತೆ. ಆ ಬೆಂಚು ಎಷ್ಟು ತಗ್ಗು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಲ್ಲಿ ಕೂತರೆ ಸದಸ್ಯರೆಲ್ಲ ಮೇಲಿದ್ದಂತೆ ಕಾಣುತ್ತಾರೆ, ಮೊಣಕಾಲು ಎದೆಗೆ ಬರುತ್ತದೆ.

ಎದ್ದುನಿಂತು ಹೇಳಿದೆ. "ಗಲ್ಲಾದ ಮ್ಯಾಲಿನ ಆ ಅಜ್ಜ ನಾನ. ಈ ಹುಡುಗ ಹೇಳಿದ್ದೆಲ್ಲಾ ಖರೆ ಐತಿ. ಸಂಜೀ ಗಿರಾಕಿಗೆ ಈ ಪ್ಯಾಟ್ಯಾಗ ಸೂಜಿ ಸಿಗೂದಿಲ್ಲ. ಅಂಗಡಿ ಬೇಕು. ಹೂಂ ಅನ್ನಬೇಕು."

ಯುವಕ ಗಾಬರಿಯಾಗಿ ನನ್ನ ಕಾಲು ಹಿಡಿಯಲು ಬಗ್ಗಿದ. "ನನಗ ಗೊತ್ತಿರಲಿಲ್ರಿ, ಕಾಕಾ. ಅಜ್ಜ ಅಂತಂದೆ, ಆಂವ ಈಂವ ಅಂತಂದೆ."

"ಅಜ್ಜ ಅಂದದ್ದು ತಪ್ಪಲ್ಲ. ಏಳಪಾ" ಎಂದೆ. ಸದಸ್ಯರು ಹೂಂ ಎಂದರು. ಬಾಂಡೆ ಅಂಗಡಿಯವರು ಅಂದು ಒಂದು ಜೋಕೂ ಮಾಡಲಿಲ್ಲ. ಅದೂ ನನ್ನ ಮೇಲಿನ ಕರುಣೆಯೇ.

ಅವನ ಅಂಗಡಿ ಪೇಟೆಯ ಆ ತುದಿಯಲ್ಲಿ ಶುರುವಾಯಿತು. ನಮ್ಮಲ್ಲಿಯೂ ಸೂಜಿಯ ಖಾನೆಯ ಕೀಲಿ ಸೊಸೆಯ ಕೈಗೆ ಹೋಯಿತು. ದೀಪದ ಹೊತ್ತಿಗೆ ಅವಳು ಗಲ್ಲಾಕ್ಕೆ ಬರುತ್ತಾಳೆ, ನಾನು ಅಡ್ಡಾಡಲು ಹೊಳೆಯ ಕಡೆ ಹೋಗುತ್ತೇನೆ. ಗಿರಾಕಿ ಒಂದಿಷ್ಟು ಅತ್ತ ಹೋದರು, ಒಂದಿಷ್ಟು ಹೊಸಬರು ಇತ್ತ ಬಂದರು. ಮೂಡಲಗಿಯಲ್ಲಿ ಮೂರೂ ಊರಿನವರು ಕೂಡಿದಾಗ ಯಾರೋ ನನ್ನ ವಿಷಯ ಎತ್ತಿ, ಈ ವಯಸ್ಸಿನಲ್ಲೂ ಅಧ್ಯಕ್ಷರು ತಮ್ಮ ಮನೆತನದ ಪದ್ಧತಿ ಬದಲಿಸಿ ದಾರಿ ತೋರಿಸಿದರು ಎಂದು ಶಾಲು ಹೊದಿಸಿದರು. ನಾನು ಏನನ್ನೂ ಬದಲಿಸಿರಲಿಲ್ಲ. ಆ ಹೊತ್ತಿಗೆ ಅಲ್ಲಿ ಇರದಂತೆ ನೋಡಿಕೊಂಡಿದ್ದೆ, ಅಷ್ಟೇ. ಎದ್ದು ಹಾಗೆಂದು ಹೇಳಬೇಕೆಂದುಕೊಂಡೆ. ಚಪ್ಪಾಳೆ ಮುಗಿಯುವಷ್ಟರಲ್ಲಿ ಧೈರ್ಯವೂ ಮುಗಿಯಿತು. ಶಾಲನ್ನು ಸೊಸೆಯ ಕೈಗೆ ಕೊಟ್ಟೆ. ಅವಳು ಮಡಚಿ ಟ್ರಂಕಿನಲ್ಲಿಟ್ಟಳು.

ಮೊನ್ನೆ ಅವಳು ಬಸುರಿಯಾದ ತಂಗಿಯ ಕುಬುಸಕ್ಕೆ ಧುಪದಾಳಕ್ಕೆ ಹೋಗಬೇಕಾಯಿತು. ಸಂಜೆ ಅಂಗಡಿ ಮುಚ್ಚೋಣ ಎಂದಳು. "ಬ್ಯಾಡ, ನಾ ಕೂಡ್ತೇನಿ, ಹೋಗು" ಎಂದೆ. ದೀಪ ಹಚ್ಚಿದೆ. ಬಂದು ಗಲ್ಲಾದ ಮೇಲೆ ಕೂತೆ. ಖಾನೆ ತೆರೆದೇ ಇತ್ತು. ಯಾರೂ ಸೂಜಿ ಕೇಳದಿದ್ದರೆ ಸಾಕು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಮಾಸ್ತರರು ಬಂದರು. ಮೆಟ್ಟಿಲ ಮೇಲೆ ಕಾಲಿಟ್ಟವರು ನನ್ನನ್ನು ನೋಡಿ ನಿಂತರು.

"ಏನ್ ಬೇಕಿತ್ರಿ, ಮಾಸ್ತರ?"

"ಏನಿಲ್ರಿ, ಹಂಗ ಮಾತಾಡಿಸಿ ಹೋಗೂಣಂತ ಬಂದೆ. ಬೇಟಿ ಇಲ್ಲೇನ್ರಿ?"

"ಧುಪದಾಳಕ್ಕ ಹೋಗ್ಯಾಳ."

"ಹೌದಾ? ಚಲೋ ಆತು, ಚಲೋ ಆತು" ಎಂದು ಇಳಿದು ಹೋದರು. ಅವರ ಬೆರಳಲ್ಲಿ ಮುರಿದ ಸೂಜಿಯ ತುಂಡು ಇತ್ತು. ನಾನು ಅದನ್ನು ನೋಡಿದ್ದೆ. ಕರೆಯದೆ ಗಲ್ಲಾದ ಮೇಲೆಯೇ ಕೂತಿದ್ದೆ.

ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲು ಮೆಲ್ಲಗೆ ಬಡಿದ ಸಪ್ಪಳ ಕೇಳಿತು. ಸೊಸೆ ಮನೆಯಲ್ಲಿಲ್ಲ ಎಂದು ಮಾಸ್ತರರಿಗೆ ಈಗಷ್ಟೇ ನಾನೇ ಹೇಳಿದ್ದೆ. ಆದರೂ ಬಡಿದರು. ಮುಂದಿನ ಬಾಗಿಲಲ್ಲಿ ನನ್ನಿಂದ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಖಾನೆಯಿಂದ ಒಂದು ಪಾಕೀಟು ತೆಗೆದುಕೊಂಡೆ. ದೇವರ ಮನೆಯ ಮುಂದೆ ಹಾಯ್ದು ಹೋಗಬೇಕು. ಬತ್ತಿ ಉರಿಯುತ್ತಿತ್ತು. ಅತ್ತ ನೋಡದೆ, ಅಡುಗೆಮನೆ ದಾಟಿ, ಅಗಳಿ ತೆಗೆದೆ. ಓಣಿಯ ದೀಪದ ಬೆಳಕಿಗೆ ಬೆನ್ನು ಮಾಡಿ ಮಾಸ್ತರರು ನಿಂತಿದ್ದರು. ಅಂಗೈ ಚಾಚಿದರು. ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಪಾಕೀಟು ಇಟ್ಟೆ.

"ಬೇಟಿ ಬಂದ್ಲಂದ್ರ ಹೇಳ್ರಿ, ಮಾಸ್ತರ ಬಂದಿದ್ದ ಅಂತ" ಎಂದರು. "ಮುಂದ ಕುಂತ ಅಜ್ಜಗ ಮಾತ್ರ ಹೇಳಬ್ಯಾಡ್ರಿ."

"ಹೇಳೂದಿಲ್ಲ" ಎಂದೆ.