ಸಾಕೆ ಅಂಗಡಿಗಳಲ್ಲಿ ತೌಡು ಹುಡುಕಿದವರು

ಅವರ ಬಲ ಅಂಗೈ ಸದಾ ಮಿರುಗುತ್ತಿತ್ತು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಆ ಸಾವುಕಾರರು ಕೈಗೆ ಸಿಕ್ಕಿದ್ದನ್ನೆಲ್ಲ ಅಂಗೈಯಲ್ಲಿ ತಿಕ್ಕಿ ಮೂಸುತ್ತಿದ್ದರು. ಮದುವೆ ಊಟದಲ್ಲಿ ಹೋಳಿಗೆಗೆ ಬಡಿಸಿದ ತುಪ್ಪವನ್ನೂ ಬಿಟ್ಟವರಲ್ಲ. ಬೀಗರು ಮುಖ ಕಿವುಚಿದರೆ ಅವರಿಗೇನು!

ತೊಂಬತ್ತರ ದಶಕದ ಕೊನೆಯಲ್ಲಿ ಶೇಂಗಾ ಬರುವುದು ಕಡಿಮೆಯಾಗಿ ಮಿಲ್ಲು ನಿಲ್ಲುವ ಹಾಗಾಯಿತು. ಅಕ್ಕಿ ತೌಡಿನಿಂದ ಎಣ್ಣೆ ತೆಗೆಯುತ್ತೇನೆಂದು ಹೊರಟರು. ತರಿಸಿದ ತೌಡು ಲಾರಿಯಿಂದ ಇಳಿಯುವಷ್ಟರಲ್ಲೇ ಕಮಟು ವಾಸನೆ ಹೊಡೆಯುತ್ತಿತ್ತು. "ದನಕ್ಕೆ ಹಾಕೋದ್ರಾಗೆ ಎಣ್ಣೆ ತೆಗೀತಾನಂತೆ" ಎಂದು ಪೇಟೆಯವರು ನಕ್ಕರು.

ಆಗಲೇ ವ್ಯಾಪಾರಿಗಳ ತಂಡವೊಂದು ಜಪಾನಿಗೆ ಹೊರಟಿತು. ಮೊಳಕಾಲ್ಮೂರಿನಿಂದ ನನ್ನ ಕೈಮಗ್ಗದಲ್ಲಿ ನೇಯ್ದ ರೇಷ್ಮೆ ಸೀರೆಯ ಗಂಟು ಹೊತ್ತು ನಾನು, ಚಳ್ಳಕೆರೆಯಿಂದ ಸಾವುಕಾರರು. ನಾವಿಳಿದ ಊರು ಅಕ್ಕಿಯಿಂದ ಮಾಡುವ ಸಾಕೆ ಎಂಬ ಮದ್ಯಕ್ಕೆ ಹೆಸರಾದದ್ದು. ಬೀದಿಬೀದಿಗೂ ಸಾಕೆ ಅಂಗಡಿ. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ. ಈ ಮನುಷ್ಯ ಪ್ರತಿ ಸಂಜೆ ಅಂಗಡಿ ಅಂಗಡಿ ಹತ್ತುವುದೇ!

"ಅಕ್ಕೀನ ಇಷ್ಟು ಬೆಳ್ಳಗೆ ಪಾಲಿಶ್ ಮಾಡ್ತಾರಲ್ಲ, ತೌಡು ಎಲ್ಲಿ ಹೋಗ್ತೈತಲೇ?"

ನಮ್ಮ ದುಭಾಷಿ ಹುಡುಗಿ ಅದನ್ನೇ ಕೇಳಿ ಕೇಳಿ ಸೋತಳು. ಅಂಗಡಿಯವರು ನಕ್ಕು ಬಟ್ಟಲು ತುಂಬಿಸುವರು, ಸಾವುಕಾರರು ಅದನ್ನು ನನ್ನತ್ತ ಸರಿಸುವರು. ಅವರ ಪಾಲಿನದನ್ನೂ ಕುಡಿದು ನನ್ನ ಕಾಲು ತೊಡರುತ್ತಿತ್ತು. "ಇನ್ನೊಬ್ಬರನ್ನ ಕೇಳಾನ ಬಾರಲೇ" ಎಂದು ರಟ್ಟೆ ಹಿಡಿದು ಎಳೆಯುವರು. ಆ ಹಟ ಆಗ ನನಗೆ ದೊಡ್ಡ ತಲೆನೋವಾಗಿತ್ತು.

ಹೊರಡುವ ಹಿಂದಿನ ಸಂಜೆ, ಗಲ್ಲಿಯ ಕೊನೆಯ ಪುಟ್ಟ ಅಂಗಡಿಯಲ್ಲಿ ವಯಸ್ಸಾದ ಒಡತಿ ಸೌತೆಕಾಯಿಯ ಉಪ್ಪಿನಕಾಯಿ ತಂದಿಟ್ಟಳು. ಸಾವುಕಾರರು ಹೋಳನ್ನು ಅಂಗೈಯಲ್ಲಿ ತಿಕ್ಕಿ ಮೂಸಿದವರೇ ಎದ್ದು ನಿಂತರು. "ತೌಡು ಕಣಲೇ!"

ಒಡತಿ ಒಳಗೆ ಕರೆದು ತೋರಿಸಿದಳು. ಮಣೆಯಗಲದ ಮರದ ತೊಟ್ಟಿ, ಅದರ ತುಂಬ ತೌಡು, ತೌಡಿನಲ್ಲಿ ಹೂತಿಟ್ಟ ಸೌತೆಕಾಯಿ. ಕೆಡುವುದಿಲ್ಲವೇ ಎಂದು ಸಾವುಕಾರರು ದುಭಾಷಿ ಹುಡುಗಿಯಿಂದ ಕೇಳಿಸಿದರು. ಗಿರಣಿಯಿಂದ ಬಂದ ಕೂಡಲೇ ಹುರಿದುಬಿಡುತ್ತೇನೆ ಎಂದು ಆಕೆ ಬಾಣಲೆ ಎತ್ತಿ ಹಿಡಿದಳು. ಸಾವುಕಾರರು ಕೈಮುಗಿದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊರಿಗೆ ಬಂದವರು ಅಕ್ಕಿ ಗಿರಣಿಯಲ್ಲೇ ತೌಡು ಹುರಿಸಿ ತರಿಸತೊಡಗಿದರು. ಮಿಲ್ಲು ನಿಲ್ಲಲಿಲ್ಲ. "ಜಪಾನಿಗೋಗಿ ಕುಡಿಯೋದು ಕಲ್ತ" ಎಂದು ಪೇಟೆಯವರು ಆಡಿಕೊಂಡರು.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ ನಾನು ಮಗ್ಗ ಮಾರಲು ಮಾತಾಡಿದ್ದೆ. ಪವರ್‌ಲೂಮ್ ಸೀರೆ ಬಂದ ಮೇಲೆ ನನ್ನದನ್ನು ಕೇಳುವವರೇ ಇರಲಿಲ್ಲ. ಅವರನ್ನು ಮಣ್ಣು ಮಾಡಿ ಮನೆಗೆ ಬಂದರೆ ಮಗ್ಗ ಕೊಳ್ಳುವವನು ಜಗುಲಿಯ ಮೇಲೆ ಕಾದು ಕೂತಿದ್ದ.

"ಕೊಡಾಕಿಲ್ಲ ಕಣಪ್ಪ. ಇನ್ನೊಬ್ಬರನ್ನ ಕೇಳೋದು ಐತೆ" ಎಂದೆ.

ಮಾರನೆಯ ಬೆಳಿಗ್ಗೆ ಸೀರೆಯ ಗಂಟು ಹೊತ್ತು, ಇನ್ನೂ ಕೇಳಿರದ ಅಂಗಡಿಗಳಿಗೆಂದು ದಾವಣಗೆರೆ ಬಸ್ಸು ಹತ್ತಿದೆ.