ವೈರಿಂಗ್ ಮಿಸ್ತ್ರಿಯ ಎರಡನೇ ಕಪ್

ಸವದತ್ತಿಯ ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ಶೆಡ್ಡಿನಲ್ಲಿ ಒಬ್ಬ ವೈರಿಂಗ್ ಮಿಸ್ತ್ರಿ ಇದ್ದರು. ಕಾರುಗಳೊಳಗೆ ಕಂಪ್ಯೂಟರ್ ಡಬ್ಬಿಗಳು ಬಂದ ಹೊಸತು. ಉಳಿದ ಮಿಸ್ತ್ರಿಗಳು ನೋಡದೆಯೇ "ಡಬ್ಬಿ ಬದಲಿಸ್ರಿ" ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಇವರು ಮಾತ್ರ ಬ್ಯಾಟರಿ ಬಿಚ್ಚಿ, ಡಬ್ಬಿಗಳು ಒಂದಕ್ಕೊಂದು ಮಾತಾಡುವ ಜೋಡಿ ವೈರಿಗೆ ಮೀಟರ್ ಹಿಡಿದು, "ಯಾರು ಮಾತಾಡವಲ್ರು ನೋಡೂಣು" ಎನ್ನುತ್ತಿದ್ದರು. ಗಿರಾಕಿಗಳೊಡನೆ ಅವರ ಮಾತು ಹೆಚ್ಚುಕಡಿಮೆ ಅಷ್ಟೇ.

ಒಮ್ಮೆ ಸುರೇಬಾನದಿಂದ ಬರುವಾಗ ನನ್ನ ಕಾರಿನ ಡ್ಯಾಶ್‌ಬೋರ್ಡಿನ ಮುಳ್ಳುಗಳೆಲ್ಲ ಹುಚ್ಚುಹುಚ್ಚಾಗಿ ಕುಣಿಯತೊಡಗಿದವು. ನೇರ ಅವರ ಶೆಡ್ಡಿಗೆ ಹೋದೆ. ಅವರು ಜೋಡಿ ವೈರಿಗೆ ಹಿಡಿದ ಮೀಟರ್ ನೂರಿಪ್ಪತ್ತು ಓಮ್ ತೋರಿಸಿತು.

"ಅರವತ್ತು ಇರಬೇಕಿತ್ರಿ. ಈ ಲೈನಿನ ಎರಡೂ ತುದಿಗೆ ಮಾತು ಹೀರಿಕೊಳ್ಳಾಕ ಒಂದೊಂದು ರೆಸಿಸ್ಟರ್ ಇರತೈತಿ. ಒಂದು ಹೋಗೈತಿ. ಅದಕ್ಕ ಆಡಿದ ಮಾತು ಹಂಗ ತಿರುಗಿ ಬಂದು ಗದ್ದಲ ಎಬ್ಬಸಾಕ ಹತ್ತೈತಿ."

ಅಷ್ಟರಲ್ಲಿ ಹೋಟೆಲಿನವನು ಹೇಳದೆಯೇ ಎರಡು ಕಪ್ ಚಹಾ ತಂದಿಟ್ಟು ಹೋದ. ಮಿಸ್ತ್ರಿ ಒಂದನ್ನು ತಾವು ತೆಗೆದುಕೊಂಡು, ಇನ್ನೊಂದನ್ನು ಎದುರಿನ ಖಾಲಿ ಸ್ಟೂಲಿನ ಮೇಲೆ ಇಟ್ಟರು. ನನಗೇ ಇರಬೇಕೆಂದು ಕೈ ಚಾಚಿದೆ. ಅವರು ಮೆಲ್ಲಗೆ ಕಪ್ಪಿನ ಮೇಲೆ ಅಂಗೈ ಮುಚ್ಚಿದರು.

"ಅದು ಅಲ್ರಿ ಸರ. ನಿಮಗ ಇನ್ನೊಂದು ತರಸ್ತೇನಿ."

"ಯಾರರ ಬರೂರು ಅದಾರೇನ್ರಿ?"

"ಇಲ್ರಿ. ಅಲ್ಲಿ ಕೂಡತಿದ್ದವ್ರು ಈಗಿಲ್ರಿ."

ಡ್ಯಾಶ್‌ಬೋರ್ಡಿನ ಹಿಂದೆ ಹೊಸ ರೆಸಿಸ್ಟರ್ ಬೆಸೆದರು. ಮೀಟರ್ ಅರವತ್ತಕ್ಕೆ ಬಂದು ನಿಂತಿತು. ಆಮೇಲೆ ಕೈ ಒರೆಸಿಕೊಂಡು, ಆರಿ ಕೆನೆಗಟ್ಟಿದ್ದ ಆ ಚಹಾ ಎತ್ತಿಕೊಂಡರು. ಸ್ಟೂಲು ಪಕ್ಕದಲ್ಲೇ ಇತ್ತು. ಅದರ ಮೇಲೆ ಕೂರದೆ, ನಿಂತುಕೊಂಡೇ ಕುಡಿದರು.